ಹೋಗುವ ದೀಪ, ಬರುವ ದೀಪ

ಆಟಿಕೆಯ ರೈಲುಗಳನ್ನು ಸಂಗ್ರಹಿಸುವ ಹವ್ಯಾಸ ನಮಗಿದೆಯೆಂದು ತಿಳಿದವರು ಮೊದಲು ನಮ್ಮ ವಯಸ್ಸನ್ನು ಕೇಳುತ್ತಾರೆ. ಅರವತ್ತು ದಾಟಿದೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿ, ತಾಳೆಗರಿಗಳ ಪಾಠಾಂತರ ನೋಡುತ್ತ ಕಣ್ಣು ಮಂಜಾಗಿಸಿಕೊಂಡವರ ಕಪಾಟಿನಲ್ಲಿ ಗ್ರಂಥಗಳ ಮಗ್ಗುಲಿಗೇ ಹದಿನಾಲ್ಕು ಪುಟ್ಟ ರೈಲುಗಳು ನಿಂತಿರುವುದನ್ನು ಕಂಡು ಕೆಲವು ಬಂಧುಗಳು ಮುಗುಳ್ನಗುತ್ತಾರೆ. ಒಬ್ಬಿಬ್ಬರು ಮರುಗುವುದೂ ಉಂಟು. ನಮಗೇನೂ ಬೇಸರವಿಲ್ಲ.

ಕೋರಮಂಡಲ್‌ನಲ್ಲಿ ನೆಲೆಸಿದವರಿಗೆ ರೈಲಿನ ಮೋಹ ಹತ್ತುವುದು ಸಹಜವೇ. ಬಂಗಾರಪೇಟೆಯಿಂದ ಮಾರಿಕುಪ್ಪಮ್‌ವರೆಗೆ ಹತ್ತು ಮೈಲಿಯ ಈ ಕವಲು ಹಾದಿ 1894ರಲ್ಲಿ ತೆರೆದದ್ದು ಚಿನ್ನದ ಗಣಿಗಳ ಸಲುವಾಗಿ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಹಾದಿ ಉಳಿಯಿತು. ಒಂದು ಕಾಲದಲ್ಲಿ ಗಣಿಗೆ ಜನರನ್ನು ತಂದ ಹಳಿಯೇ ಈಗ ಬೆಳಕು ಹರಿಯುವ ಮುನ್ನ ಇಲ್ಲಿಯ ಜನರನ್ನು ಬೆಂಗಳೂರಿನ ದುಡಿಮೆಗೆ ಒಯ್ದು, ರಾತ್ರಿ ಹಿಂದಕ್ಕೆ ತರುತ್ತದೆ. ಇನ್ನು ದೀಪದ ಮಾತಿಗೆ ಬಂದರೆ ನಮ್ಮೂರಿಗೆ ಹಳೆಯ ಹಕ್ಕೇ ಇದೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು.

ನಮ್ಮ ಸಂಗ್ರಹದಲ್ಲಿ ಬೆಲೆಬಾಳುವ ವಸ್ತು ಒಂದೂ ಇಲ್ಲ. ಚನ್ನಪಟ್ಟಣದ ಹಾಲೆಮರದ ಅರಗಿನ ಬಣ್ಣದ ಗಾಡಿಯೊಂದು, ಕೀಲಿ ಕೊಟ್ಟರೆ ಓಡುವ ತಗಡಿನವು ಎರಡು. ಉಳಿದವೆಲ್ಲ ಜಾತ್ರೆಯಲ್ಲಿ, ಪೇಟೆಯಲ್ಲಿ ಕೊಂಡ ಪ್ಲಾಸ್ಟಿಕ್ಕಿನ ಬ್ಯಾಟರಿ ರೈಲುಗಳು. ಕೊಂಡದ್ದನ್ನು ಹಾಗೆಯೇ ಇಡುವ ಪದ್ಧತಿ ನಮ್ಮದಲ್ಲ. ಬಿಚ್ಚುತ್ತೇವೆ, ಬಣ್ಣ ಬದಲಿಸುತ್ತೇವೆ, ಡಬ್ಬಿಗಳ ಒಳಗೆ ದೀಪ ಕೂರಿಸುತ್ತೇವೆ. ಮೊದಲು ಟಾರ್ಚಿನ ಬಲ್ಬನ್ನು ಹಾಕುತ್ತಿದ್ದೆವು. ಅದು ಸೆಲ್ಲನ್ನು ಕುಡಿದುಬಿಡುವುದಲ್ಲದೆ ಪ್ಲಾಸ್ಟಿಕ್ಕನ್ನೂ ಕಾಯಿಸುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಕೆಂಪು ಎಲ್‌ಇಡಿ 1962ರಿಂದಲೇ ಇದ್ದರೂ ಬಿಳಿಯದು ಬರಲು ನೀಲಿಯದು ಮೊದಲು ಸಿದ್ಧಿಸಬೇಕಿತ್ತು. ಅದನ್ನು ಸಾಧಿಸಿದ ಮೂವರು ಜಪಾನಿ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಂದಿತು. ಇಂದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಅಂಥ ದೀಪಗಳನ್ನು ಕಡಲೆಕಾಯಿಯಂತೆ ಪೊಟ್ಟಣ ಕಟ್ಟಿ ಕೊಡುತ್ತಾರೆ.

ಪಕ್ಕದ ಮನೆಯ ಹುಡುಗನಿಗೆ ಏಳು ವರ್ಷ. ತಾಯಿ ಬೆಂಗಳೂರಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಾರೆ. ಅಜ್ಜಿ ಮಲಗಿದಲ್ಲಿಯೇ ಇರುವುದರಿಂದ ಶಾಲೆ ಬಿಟ್ಟ ಮೇಲೆ ಅವನು ನಮ್ಮ ಜಗಲಿಯಲ್ಲಿಯೇ. ಒಂದು ಸಂಜೆ ನಾವು ಹೊಸದಾಗಿ ದೀಪ ಜೋಡಿಸಿದ ನೀಲಿ ಗಾಡಿಯನ್ನು ನೆಲದ ಮೇಲೆ ಓಡಿಸಿ ತೋರಿಸಿದೆವು. ಅವನು ಬಗ್ಗಿ, ಗಾಡಿಯ ಹಿಂದುಗಡೆ ಬಹಳ ಹೊತ್ತು ನೋಡಿದ.

“ತಾತ, ಇದು ಬರೋ ಗಾಡಿ ಮಾತ್ರ. ಹೋಗೋಕೆ ಆಗಲ್ಲ.”

ಏಕೆಂದು ಕೇಳಿದೆವು. “ಅಮ್ಮ ಹೋಗುವಾಗ ಹಿಂದೆ ಕೆಂಪು ದೀಪ ಕಾಣಿಸುತ್ತೆ. ಬರುವಾಗ ಬಿಳೀದು. ಇದಕ್ಕೆ ಕೆಂಪೇ ಇಲ್ಲವಲ್ಲ.”

ದಿನವೂ ಬೆಳಗಿನ ಜಾವದ ಕತ್ತಲಿನಲ್ಲಿ ಕಿಟಕಿಯ ಬಳಿ ನಿಂತು ಅವನು ನೋಡುವುದು ಅದೊಂದನ್ನೇ ಎಂಬುದು ನಮಗೆ ಆಗ ಹೊಳೆಯಿತು. ಈಗಿನ ಮೆಮು ಗಾಡಿಗೆ ಎರಡು ತುದಿಯಲ್ಲಿಯೂ ಚಾಲಕನ ಕೋಣೆ. ಎಂಜಿನ್ ತಿರುಗಿಸುವ ಗೋಜಿಲ್ಲ. ಬೆಳಿಗ್ಗೆ ಮುಂದಿದ್ದ ಮುಖ ರಾತ್ರಿ ಹಿಂದಾಗುತ್ತದೆ, ಬಿಳಿ ಇದ್ದಲ್ಲಿ ಕೆಂಪು ಬರುತ್ತದೆ. ಅಂಗಡಿಯ ಆಟಿಕೆಯಲ್ಲಿ ಇದನ್ನು ನಾವು ಕಂಡಿರಲಿಲ್ಲ. ಮಾಡಿಯೇ ನೋಡೋಣವೆಂದು ಕುಳಿತೆವು.

ಉಪಾಯ ಸುಲಭವಾಗಿದೆ, ಮನೆಯ ಹಿರಿಯರು ಮಕ್ಕಳನ್ನು ಜೊತೆಗಿಟ್ಟುಕೊಂಡು ಮಾಡಬಹುದು. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ಒಂದು ಬಿಳಿ, ಒಂದು ಕೆಂಪು ತೆಗೆದುಕೊಂಡು ಒಂದರ ಉದ್ದ ಕಾಲನ್ನು ಮತ್ತೊಂದರ ಗಿಡ್ಡ ಕಾಲಿಗೆ ಬೆಸೆಯಬೇಕು. ಅಂಥ ಜೋಡಿಯೊಂದನ್ನು ಗಾಡಿಯ ಈ ತುದಿಗೂ, ತಲೆಕೆಳಗು ಮಾಡಿದ ಮತ್ತೊಂದು ಜೋಡಿಯನ್ನು ಆ ತುದಿಗೂ ಇಟ್ಟು, ಪ್ರತಿ ಜೋಡಿಗೂ ಅದರದೇ ಆದ ರೆಸಿಸ್ಟರ್ ಹಾಕಿ, ಮೋಟಾರಿನ ತಂತಿಗಳಿಗೇ ಸೇರಿಸಬೇಕು. ಮೂರು ಪೆನ್ಸಿಲ್ ಸೆಲ್ಲಿನ ನಾಲ್ಕೂವರೆ ವೋಲ್ಟಿಗೆ 150 ಓಮಿನದು ಸಾಕು. ಗಾಡಿಯನ್ನು ಹಿಂದೆ ಮುಂದೆ ಓಡಿಸಲು ಆರು ಕಾಲಿನ ಸ್ವಿಚ್ಚಿನ ಹೊರಗಿನ ಕಾಲುಗಳಿಗೆ ತಂತಿಯನ್ನು ಅಡ್ಡಡ್ಡ ಕಟ್ಟಬೇಕು. ಸ್ವಿಚ್ಚು ಹೊರಳಿತೆಂದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ, ದೀಪಗಳೂ ತಾವಾಗಿಯೇ ಬದಲಾಗುತ್ತವೆ. ಬೆಸುಗೆಯ ಕೆಲಸ ನಮ್ಮದು. ಉದ್ದ ಕಾಲು ಯಾವುದೆಂದು ಹೇಳುವುದು ಹುಡುಗನ ಪಾಲು. ನಮ್ಮ ಕಣ್ಣಿಗೆ ಆ ಕಾಲು ಕಾಣುವುದಿಲ್ಲ.

ಎರಡು ವಾರ ಚೆನ್ನಾಗಿ ಓಡಿತು. ಬಳಿಕ ಒಂದು ಸಂಜೆ ಹುಡುಗ ಗಾಡಿಯನ್ನು ಎದೆಗವಚಿಕೊಂಡು ಅಳುತ್ತ ಬಂದ. ಬಿಳಿ ದೀಪ ಮಂಕಾಗಿ ಆರಿತ್ತು. ಕೆಂಪು ಮಾತ್ರ ಹಾಗೆಯೇ ಉರಿಯುತ್ತಿತ್ತು. ಇದರ ಕಾರಣ ಸರಳ. ಬಿಳಿಯದು ಬೆಳಗಲು ಸುಮಾರು ಮೂರು ವೋಲ್ಟು ಬೇಕು, ಕೆಂಪಿಗೆ ಎರಡು ಸಾಕು. ಸೆಲ್ಲು ಸೊರಗಿದಾಗ ಮೊದಲು ಸೋಲುವುದು ಬಿಳಿಯೇ. ಆದರೆ ಅಂದು ಬೆಂಗಳೂರಿನ ಗಾಡಿ ಒಂದೂವರೆ ಗಂಟೆ ತಡವಾಗಿತ್ತು. “ಹೋಗೋ ದೀಪ ಇದೆ, ಬರೋದು ಇಲ್ಲ” ಎಂದು ಬಿಕ್ಕುತ್ತಿದ್ದ ಮಗುವಿಗೆ ವೋಲ್ಟಿನ ಲೆಕ್ಕ ಹೇಳುವುದು ಹೇಗೆ? ಗೋಡೆ ಗಡಿಯಾರದ ಸೆಲ್ಲು, ಟಾರ್ಚಿನ ಸೆಲ್ಲು ಎಲ್ಲ ಕಿತ್ತು ಹಾಕಿದೆವು. ಬಿಳಿ ದೀಪ ಹತ್ತಿತು. ತಾಯಿ ಬಂದು ಕರೆಯುವವರೆಗೂ ಅದನ್ನು ಜಗಲಿಯ ಮೇಲೆ ಬೀದಿಗೆ ಮುಖಮಾಡಿ ನಿಲ್ಲಿಸಿಕೊಂಡು ಕುಳಿತಿದ್ದ. ಮರುದಿನವೇ ನಾಲ್ಕು ಸೆಲ್ಲಿನ ಪೆಟ್ಟಿಗೆ ಹಾಕಿ, ರೆಸಿಸ್ಟರುಗಳನ್ನು 220 ಓಮಿಗೆ ಏರಿಸಿದೆವು. ಈಗ ಸೆಲ್ಲು ಬಹಳ ದಣಿದರೂ ಬಿಳಿ ಕೈಬಿಡುವುದಿಲ್ಲ. ಗಾಡಿಯ ವೇಗ ತುಸು ಹೆಚ್ಚಿತು. ಅದರ ಬಗ್ಗೆ ಹುಡುಗನ ತಕರಾರಿಲ್ಲ.

ಒಂದು ಭಾನುವಾರ ತಾಯಿಯೂ ಬಂದು ಕುಳಿತರು. ಹುಡುಗ ಕೋಣೆಯ ದೀಪವಾರಿಸಿ ಗಾಡಿಯನ್ನು ಅವರಿಂದ ದೂರಕ್ಕೆ ಓಡಿಸಿದ. ಆಕೆ ಆ ಕೆಂಪು ಚುಕ್ಕೆಯನ್ನೇ ನೋಡುತ್ತ, “ಹತ್ತು ವರ್ಷದಿಂದ ಓಡಾಡ್ತಿದೀನಿ ಅಯ್ನೋರೆ, ಒಳಗೆ ಕೂತೋರಿಗೆ ಇದು ಕಾಣೋದೇ ಇಲ್ಲ” ಎಂದರು. ಮಗ ಸ್ವಿಚ್ಚು ಹೊರಳಿಸಿದ.

ಬರುವ ಜೂನ್‌ಗೆ ಅವರು ಬೆಂಗಳೂರಿಗೆ ಮನೆ ಬದಲಿಸುತ್ತಾರೆ. ಓಡಾಟದಲ್ಲಿಯೇ ದಿನಕ್ಕೆ ಐದಾರು ಗಂಟೆ ಕಳೆಯುವ ತಾಯಿ ಬೇರೆ ಏನು ತಾನೆ ಮಾಡಬೇಕು? ನೀಲಿ ಗಾಡಿ ಹುಡುಗನ ಜೊತೆ ಹೋಗುತ್ತದೆ. ಕಪಾಟಿನಲ್ಲಿ ತೆರವಾಗುವ ಜಾಗಕ್ಕೆ, 1913ರಲ್ಲಿ ಬಂಗಾರಪೇಟೆಗೂ ಕೋಲಾರಕ್ಕೂ ನಡುವೆ ತೆರೆದ, ಈಗ ಇಲ್ಲವಾಗಿರುವ ಸಣ್ಣ ಹಳಿಯ ಗಾಡಿಯನ್ನು ಮಾಡಬೇಕೆಂದಿದ್ದೇವೆ. ನಾವು ಹುಡುಗರಾಗಿದ್ದಾಗ ಅದರಲ್ಲಿ ಕುಳಿತವರು. ಅದಕ್ಕೆ ಹಿಂದೆ ಎಂಥ ದೀಪ ಉರಿಯುತ್ತಿತ್ತು ಎಂದು ಹುಡುಗ ಈಗಾಗಲೇ ಎರಡು ಸಲ ಕೇಳಿದ್ದಾನೆ.