ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಮನೇಲಿ ಅವ್ವನಿಗೂ ಓದಿ ಹೇಳಿ.

"ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ ಕಣವ್ವ." ಈ ಮಾತನ್ನ ನಮ್ಮ ಕೇರಿಗಳಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಫ್ರಿಡ್ಜಿನ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತೆ, ಅದಕ್ಕೇ ಸೆರಗು ಹಿಡಿದು ತೆಗೆಯೋದು. ಮಳೆಗಾಲದಲ್ಲಿ ಬಚ್ಚಲ ನಲ್ಲಿ ಜುಮ್ ಅನ್ನುತ್ತೆ, ಅದಕ್ಕೇ ಚಪ್ಪಲಿ ಹಾಕ್ಕೊಂಡು ಹೋಗೋದು. ಬಟ್ಟೆ ಒಣಗಿಸೋ ತಂತಿ ಜುಮ್ ಅನ್ನುತ್ತೆ, ಅದಕ್ಕೇ ಮಕ್ಕಳನ್ನ ಅತ್ತ ಬಿಡೋದಿಲ್ಲ. ಪ್ರತಿಯೊಂದಕ್ಕೂ ಒಂದು ಉಪಾಯ ಕಂಡುಕೊಂಡಿದ್ದೀವಿ. ಉಪಾಯದಲ್ಲೇ ಬದುಕೋದು ನಮಗೆ ಹೊಸದಲ್ಲ. ಆದರೆ ಕರೆಂಟಿನ ಹತ್ರ ಉಪಾಯ ನಡೆಯೋದಿಲ್ಲ. ಇವತ್ತು ಜುಮ್ ಅಂದ ತಂತಿಯೇ ನಾಳೆ ಕಾಲು ಒದ್ದೆ ಇದ್ದಾಗ ಹಿಡ್ಕೊಳ್ಳುತ್ತೆ. ಕರೆಂಟೂ ಅದೇ, ಮನೆಯೂ ಅದೇ, ನೆಲ ಒದ್ದೆಯಾಗಿರುತ್ತೆ ಅಷ್ಟೇ.

ನಮ್ಮ ಮನೆಗಳಿಗೆ ಕರೆಂಟು ಬಂದದ್ದು ಹೇಗೆ ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, 1905ಕ್ಕೆ ಬೆಂಗಳೂರಿಗೆ ಬಂತು. ಕೇರಿಗೆ ಬರೋಕೆ ಭಾಗ್ಯಜ್ಯೋತಿವರೆಗೆ ಕಾಯಬೇಕಾಯ್ತು. ಅದೂ ಒಂದು ಬಲ್ಬು. ಊರಿನ ಕೊನೇ ಕಂಬದಿಂದ ಒಂದು ತಂತಿ, ಗೋಡೆಗೆ ಮೊಳೆ ಹೊಡೆದು ಒಂದು ಮರದ ಬೋರ್ಡು, ಒಂದು ಸ್ವಿಚ್ಚು, ಒಂದು ಹೋಲ್ಡರು. ನಮ್ಮಪ್ಪ ಆ ಬಲ್ಬಿನ ಕೆಳಗೆ ನನ್ನನ್ನ ಕೂರಿಸಿ ಓದಿಸಿದ್ದು. ಆ ಬಲ್ಬನ್ನ ನಾನು ಹಗುರ ಮಾಡಿ ಮಾತಾಡ್ತಿಲ್ಲ. ನಾನು ಬಿಎ ಮುಗಿಸಿ ಗುಮಾಸ್ತೆಯಾಗಿ ಮೇಜಿನ ಮುಂದೆ ಕೂತಿರೋದು ಅದರ ಬೆಳಕಲ್ಲೇ.

ಆಮೇಲೆ ಏನಾಯ್ತು? ಬಲ್ಬಿನ ಪಕ್ಕ ಟಿವಿ ಬಂತು, ಫ್ಯಾನು ಬಂತು, ಮಿಕ್ಸಿ ಬಂತು, ಗಾರೆ ಕೆಲಸಕ್ಕೆ ಹೋಗೋ ಮಗ ಕಂತಿನ ಮೇಲೆ ಫ್ರಿಡ್ಜ್ ತಂದ, ಬಾಣಂತಿಗೆ ನೀರು ಕಾಯಿಸೋಕೆ ಕಾಯಿಲ್ ಬಂತು. ಬರಲೇಬೇಕು, ನಮ್ಮ ಹೆಣ್ಣುಮಕ್ಕಳು ಇನ್ನೂ ಎಷ್ಟು ದಿನ ಒರಳು ತಿರುವಬೇಕು? ಆದರೆ ಗೋಡೆಯೊಳಗಿನ ತಂತಿ ಮಾತ್ರ ಬದಲಾಗಲಿಲ್ಲ. 40 ವ್ಯಾಟಿನ ಬಲ್ಬು ಎಳೆಯೋ ಕರೆಂಟು 0.2 ಆಂಪಿಯರ್ ಕೂಡ ಇಲ್ಲ. 1500 ವ್ಯಾಟಿನ ಕಾಯಿಲ್ ಎಳೆಯೋದು ಆರೂವರೆ ಆಂಪಿಯರ್. ಹೆಚ್ಚುಕಡಿಮೆ 37 ಪಟ್ಟು. ತಂತೀಲಿ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತೆ. ಆ ಬಿಸಿಯ ಮೊದಲ ಏಟು ಬೀಳೋದು ಟೇಪ್ ಸುತ್ತಿದ ಜಾಯಿಂಟಿಗೆ, ಸಡಿಲವಾದ ಸ್ಕ್ರೂಗೆ. ಬೆಂಕಿ ಹತ್ತೋದೂ ಅಲ್ಲಿಂದಲೇ.

ಹೋದ ಮಳೆಗಾಲದಲ್ಲಿ ನಮ್ಮ ಸಂಘದ ಹುಡುಗರು, ನಾನು, ಲೈಸೆನ್ಸ್ ಇರೋ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಅಣ್ಣ ಸೇರಿ ಎರಡು ಭಾನುವಾರ ನಮ್ಮ ಕೇರಿಯ 14 ಮನೆ ಸುತ್ತಿದೆವು. ಅಣ್ಣ ಮನೆ ನೋಡೋ ಕ್ರಮ ನೋಡಿ ನಾನು ಕಲಿತದ್ದು ಬಹಳ. ಅದನ್ನೇ ಹೇಳ್ತೀನಿ, ನೀವೂ ನಿಮ್ಮ ಮನೇಲಿ ನೋಡ್ಕೊಳ್ಳಿ.

ಅವರು ಒಳಗೆ ಬರೋ ಮುಂಚೆ ಮೀಟರ್ ಹತ್ರ ನಿಂತರು. ಮನೆಯ ಎಲ್ಲಾ ಸ್ವಿಚ್ಚು ಆರಿಸಿ, ಎಲ್ಲಾ ಪ್ಲಗ್ಗು ಕೀಳಿಸಿ, ಮೇನ್ ಸ್ವಿಚ್ ಮಾತ್ರ ಆನ್ ಇಟ್ಟು, ಮೀಟರಿನ ಕೆಂಪು ದೀಪ ನೋಡ್ತಾ ಐದು ನಿಮಿಷ ನಿಂತರು. ಏನೂ ಉರಿಯದೆ ಇದ್ದರೂ ಆ ದೀಪ ಮಿಟುಕ್ತಾ ಇದ್ದರೆ ಕರೆಂಟು ಎಲ್ಲಿಗೋ ಸೋರ್ತಿದೆ ಅಂತ ಅರ್ಥ. ಗೋಡೆಗೋ, ನೆಲಕ್ಕೋ, ಪಕ್ಕದ ಮನೆಗೋ. 14ರಲ್ಲಿ ಮೂರು ಮನೇಲಿ ಮಿಟುಕ್ತು.

ಆಮೇಲೆ ಬೋರ್ಡು. ಒಣಗಿದ ಕೈಯ ಹಿಂಭಾಗ ಬೋರ್ಡಿನ ಪ್ಲಾಸ್ಟಿಕ್ ಮೇಲೆ ಇಟ್ಟು ನೋಡಿದರು. ಬೆಚ್ಚಗಿದ್ದರೆ ಒಳಗೆ ಜಾಯಿಂಟು ಸಡಿಲ. ಪ್ಲಗ್ಗಿನ ತೂತಿನ ಸುತ್ತ ಕಂದು ಬಣ್ಣ, ಸ್ವಿಚ್ ಹಾಕಿದಾಗ ಚಿರ್ ಚಿರ್ ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ ಇವೆಲ್ಲಾ ಅದೇ ಜಾತಿ. (ಜಾತಿ ಅನ್ನೋ ಪದ ಇಲ್ಲೂ ಬಂತು ನೋಡಿ.) ಒಬ್ಬ ಅಕ್ಕ "ಮೀನು ಹುರಿದ ಹಾಗೆ ವಾಸನೆ ಬರುತ್ತೆ, ಇಲಿ ಸತ್ತಿರಬೇಕು ಅಂತ ಬಿಟ್ಟಿದ್ದೆ" ಅಂದರು. ಅಣ್ಣ ಮೇನ್ ಆರಿಸಿ ಬೋರ್ಡು ಬಿಚ್ಚಿದರೆ ಒಳಗೆ ಹೋಲ್ಡರೇ ಕರಗಿತ್ತು. ಮೀನಿನ ಥರ ವಾಸನೆ ಬಂದರೆ ಅಡುಗೆಮನೆ ಹುಡುಕೋದಕ್ಕಿಂತ ಮುಂಚೆ ಮೇನ್ ಆರಿಸಿ ಅಂತ ಅಲ್ಲೇ ಎಲ್ಲರಿಗೂ ಹೇಳಿದರು.

ಮಿಕ್ಸಿ ಹಾಕಿದಾಗ ಬಲ್ಬು ಮಂಕಾಗುತ್ತಾ ಅಂತ ಎಲ್ಲಾ ಮನೇಲೂ ಕೇಳಿದರು. ಹೌದು ಅಂದವರೇ ಜಾಸ್ತಿ. ಪದೇ ಪದೇ ಹಾಗಾದರೆ ತಂತಿ ಸಣ್ಣ ಇದೆ, ಇಲ್ಲಾ ಜಾಯಿಂಟು ಸರಿ ಇಲ್ಲ. ಇದಕ್ಕಿಂತ ಬೇರೆ ಇನ್ನೊಂದಿದೆ. ಒಂದು ಮನೇಲಿ ಬಲ್ಬು ಇದ್ದಕ್ಕಿದ್ದ ಹಾಗೆ ಜೋರಾಗಿ ಉರಿದು ಢಬ್ ಅಂತ ಹೋಗೋದು, ಪಕ್ಕದ ಮನೇಲಿ ಮಿಣಿಮಿಣಿ ಅನ್ನೋದು. ಅದು ಹೆಚ್ಚಾಗಿ ಕಂಬದ ಕಡೆ ನ್ಯೂಟ್ರಲ್ ಬಿಟ್ಟಿರೋ ಲಕ್ಷಣ. ಅದು ನಮ್ಮ ಕೆಲಸ ಅಲ್ಲ, 1912ಕ್ಕೆ ಫೋನ್ ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ.

ಫ್ಯೂಸಿನ ವಿಷಯಕ್ಕೆ ಬಂದರೆ ನಗಬೇಕೋ ಅಳಬೇಕೋ. ಆರು ಮನೇಲಿ ಫ್ಯೂಸ್ ತಂತಿ ಜಾಗದಲ್ಲಿ ದಪ್ಪ ತಾಮ್ರದ ಎಳೆ ಸುತ್ತಿದ್ದರು. "ದಿನಾ ಹೋಗೋದು ಮೇಡಂ, ಈಗ ಹೋಗೋದೇ ಇಲ್ಲ" ಅಂತ ಒಬ್ಬ ಹುಡುಗ ಹೆಮ್ಮೆಯಿಂದ ಹೇಳಿದ. ಅಣ್ಣ ಅವನಿಗೆ ಬೈಯಲಿಲ್ಲ. "ಫ್ಯೂಸ್ ಹೋಗ್ತಿತ್ತಲ್ಲ ಮಗಾ, ಅದು ನಿನಗೆ ಏನೋ ಹೇಳ್ತಿತ್ತು. ನೀನು ಅದರ ಬಾಯಿ ಮುಚ್ಚಿಸಿದೆ. ಈಗ ಫ್ಯೂಸ್ ಬದಲು ಗೋಡೆ ಉರಿಯುತ್ತೆ" ಅಂದರು.

ಇಲ್ಲಿ ಒಂದು ಮಾತನ್ನ ಒತ್ತಿ ಹೇಳಬೇಕು. ಎಂಸಿಬಿ ಹಾಕಿಸಿದ್ದೀವಿ, ಭಯ ಇಲ್ಲ ಅಂದುಕೊಂಡಿರೋರು ಬಹಳ ಜನ. ಎಂಸಿಬಿ ಕಾಯೋದು ತಂತೀನ, ಮನುಷ್ಯರನ್ನ ಅಲ್ಲ. ನಿಮ್ಮ ಮೈಮೇಲೆ ಹರಿದು ಕೊಲ್ಲೋ ಕರೆಂಟು ಅದರ ಲೆಕ್ಕಕ್ಕೇ ಬರೋದಿಲ್ಲ, ಅಷ್ಟು ಕಡಿಮೆ. ಮನುಷ್ಯರನ್ನ ಕಾಯೋದು ಆರ್‌ಸಿಸಿಬಿ, ಅಂಗಡೀಲಿ ಇಎಲ್‌ಸಿಬಿ ಅಂತಲೂ ಅಂತಾರೆ. ಮನೆಗೆ 30 ಮಿಲಿ ಆಂಪಿಯರಿನದು ಕೇಳಿ. ಅದರ ಮೇಲೆ ಒಂದು ಟೆಸ್ಟ್ ಬಟನ್ ಇರುತ್ತೆ, ಆಗಾಗ ಒತ್ತಿ ನೋಡಬೇಕು, ಒತ್ತಿದ ತಕ್ಷಣ ಕರೆಂಟು ಹೋಗಬೇಕು. ನಾವು ನೋಡಿದ 14 ಮನೇಲಿ ಒಂದರಲ್ಲೂ ಅದು ಇರಲಿಲ್ಲ.

ಅರ್ಥಿಂಗ್? ಅದೂ ಅಷ್ಟೇ. ಮೂರು ಪಿನ್ನಿನ ಸಾಕೆಟ್ಟು ಇದೆ, ಮೇಲಿನ ದೊಡ್ಡ ತೂತಿಗೆ ಹಿಂದೆ ತಂತಿಯೇ ಇಲ್ಲ. ಬರೀ ತೋರಿಕೆ. ಮೀಟರ್ ಹತ್ರ ಗುಂಡಿ ತೆಗೆದು ಪೈಪೋ ಪ್ಲೇಟೋ ಹೂಳಬೇಕು, ಇದ್ದಿಲು ಉಪ್ಪು ಹಾಕಬೇಕು, ಬೇಸಿಗೇಲಿ ನೀರು ಹುಯ್ಯಬೇಕು. ಸರ್ಕಾರದ ಯೋಜನೇಲಿ ಕಂಟ್ರಾಕ್ಟರು ಕಟ್ಟಿದ ಸಾಲುಮನೆಗಳಲ್ಲಿ ಆ ಗುಂಡಿಯೇ ತೆಗೆದಿರಲಿಲ್ಲ. ಕೊನೆಗೆ ಅಣ್ಣ ಮೆಗ್ಗರ್ ಅನ್ನೋ ಮಿಷನ್ ಹಚ್ಚಿದರು. 500 ವೋಲ್ಟ್ ಕೊಟ್ಟು ತಂತಿಯ ಮೇಲಿನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋದು ಅದು. 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಶೀಟಿನ ಮನೆಯೊಂದರಲ್ಲಿ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಸರ್ವಿಸ್ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. ಅದೇ ತಗಡಿಗೆ ಬಟ್ಟೆಯ ತಂತಿ ಕಟ್ಟಿದ್ದರು. ಆ ಮನೇಲಿ ಎರಡು ವರ್ಷದ ಕೂಸಿದೆ. ಆವತ್ತೇ ಕರೆಂಟು ಕಡಿಸಿದೆವು, ಮೇಣದಬತ್ತಿ ಕೊಟ್ಟು ಬಂದೆವು. ಮೂರು ದಿನ ಆದ ಮೇಲೆ ಹೊಸ ತಂತಿ ಎಳೆದದ್ದು.

ಈಗ ಯಾಕೆ ಇದುವರೆಗೆ ಯಾರೂ ನೋಡಲಿಲ್ಲ ಅನ್ನೋ ಪ್ರಶ್ನೆ. ಊರಿನ ಎಲೆಕ್ಟ್ರಿಷಿಯನ್‌ನ ಕರೆದರೆ ಬರ್ತೀನಿ ಅಂತಾನೆ, ಬರೋದಿಲ್ಲ. ಬಂದರೆ ಬಾಗಿಲಲ್ಲೇ ನಿಂತು "ಏನು ತೊಂದ್ರೆ?" ಅಂತಾನೆ. ಅಡುಗೆಮನೆಗೆ ಕಾಲಿಡೋದಿಲ್ಲ, ಕೊಟ್ಟ ನೀರು ಮುಟ್ಟೋದಿಲ್ಲ. ಕೈಗೆ ಸಿಕ್ಕ ಕಡೆ ಟೇಪು ಸುತ್ತಿ "ನಿಮಗೆ ಇಷ್ಟು ಸಾಕು" ಅಂದು ದುಡ್ಡು ತಗೊಂಡು ಹೋಗ್ತಾನೆ. ದುಡ್ಡಿಗೆ ಮಾತ್ರ ಮೈಲಿಗೆ ಇಲ್ಲ. ಹಾಗಾಗಿ ನಮ್ಮ ಹುಡುಗರೇ ಕೆಲಸಕ್ಕೆ ಇಳಿದರು. ಧೈರ್ಯವಂತರು, ಜಾಣರು. ಆದರೆ ಕಂಬ ಹತ್ತೋ ಧೈರ್ಯ ಬೇರೆ, ಮೆಗ್ಗರ್ ಓದೋ ವಿದ್ಯೆ ಬೇರೆ. ತಮ್ಮಂದಿರೇ, ಬೇಜಾರು ಮಾಡ್ಕೋಬೇಡಿ. ಐಟಿಐ ಎಲೆಕ್ಟ್ರಿಷಿಯನ್ ಮಾಡಿದವರು ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ತಗೊಳ್ಳಿ. ಅರ್ಜಿ ತುಂಬೋದು ನನ್ನ ದಿನಾ ಕೆಲಸ, ತುಂಬಿಕೊಡ್ತೀನಿ.

ಸತ್ತ ಮೇಲಿನ ಕಾಗದದ ಕಥೆಯೂ ನನಗೆ ಗೊತ್ತು. 2023ರ ನವೆಂಬರಲ್ಲಿ ಬೆಂಗಳೂರಿನ ಕಾಡುಗೋಡಿ ಹತ್ರ ಫುಟ್‌ಪಾತಲ್ಲಿ ಬಿದ್ದ ತಂತಿ ತುಳಿದು ತಾಯಿ ಮಗು ತೀರಿಕೊಂಡಾಗ ಇಡೀ ರಾಜ್ಯ ಮಾತಾಡಿತು, ಅಧಿಕಾರಿಗಳ ಅಮಾನತು ಆಯ್ತು. ಆಗಲೇಬೇಕಿತ್ತು. ಆದರೆ ಬಚ್ಚಲಲ್ಲಿ, ಅಡುಗೆಮನೇಲಿ ಸತ್ತವರ ಕಡತಕ್ಕೆ ಬರೋದು ಒಂದೇ ಸಾಲು: ಮೃತರ ಸ್ವಂತ ನಿರ್ಲಕ್ಷ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲೇ ದೇಶದಲ್ಲಿ ವರ್ಷಕ್ಕೆ 10,000ಕ್ಕಿಂತ ಹೆಚ್ಚು ಜನ ಕರೆಂಟು ಹೊಡೆದು ಸಾಯ್ತಾರೆ. ಮೀಟರ್‌ನಿಂದ ಆಚೆ ಕಂಪನಿಯದು, ಈಚೆ ನಿಮ್ಮದು ಅಂತಾರೆ. ಸರಿ. ಆದರೆ ಮನೆ ಕಟ್ಟಿಸಿದ್ದು ಸರ್ಕಾರ, ತಂತಿ ಎಳೆದದ್ದು ಸರ್ಕಾರದ ಕಂಟ್ರಾಕ್ಟರು, ಅರ್ಥಿಂಗ್ ಇಲ್ಲದೆ ಬಿಲ್ ಪಾಸ್ ಮಾಡಿದ್ದು ಇನ್ಯಾರೋ. ಹಾಗಿದ್ದಾಗ ಆ ಸಾಲಿನ 'ಸ್ವಂತ' ಅನ್ನೋ ಪದ ಯಾರದು? 2003ರ ವಿದ್ಯುತ್ ಕಾಯ್ದೆಯ 161ನೇ ಕಲಂನಲ್ಲಿ ಇಂಥ ಅಪಘಾತದ ಬಗ್ಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸೋದು, ಅವರಿಂದ ವಿಚಾರಣೆ ಮಾಡಿಸೋದು ಇದೆ. ಹೆಣ ಎತ್ತೋ ಗಡಿಬಿಡೀಲಿ ನಮ್ಮವರು ಕೇಳೋದಿಲ್ಲ, ಅವರಾಗಿ ಹೇಳೋದಿಲ್ಲ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತೂ ಅವರ ಖಾತೆಯಲ್ಲೇ ಇತ್ತು. ಅಗ್ಗದ, ಧಾರಾಳ ವಿದ್ಯುತ್ ಇಲ್ಲದೆ ಈ ದೇಶದ ಬಡತನ ಹೋಗೋದಿಲ್ಲ ಅಂತ ವಾದಿಸಿದವರು ಅವರು. ಈಗ ಗೃಹಜ್ಯೋತೀಲಿ 200 ಯೂನಿಟ್‌ವರೆಗೆ ಬಿಲ್ ಇಲ್ಲ, ಸಂತೋಷ. ಕರೆಂಟು ಪುಕ್ಕಟೆ ಕೊಟ್ಟವರು ಅದು ಹರಿಯೋ ತಂತಿಯನ್ನೂ ಒಂದ್ಸಲ ನೋಡಲಿ ಅಂತ ಕೇಳೋದು ದುರಾಸೆ ಅಲ್ಲ. ನಮ್ಮ ಹೆಸರಲ್ಲೇ ಇಟ್ಟ ಹಣ ಇದೆ, ಅದಕ್ಕೆ 2013ರ ಕಾಯ್ದೆಯೂ ಇದೆ. ಆ ಹಣ ಎಲ್ಲೆಲ್ಲಿಗೋ ಹರಿಯೋದನ್ನ ನೋಡ್ತಾನೇ ಇದ್ದೀವಿ.

ನಾವು ಪಂಚಾಯ್ತಿಗೆ ಕೊಟ್ಟ ಅರ್ಜೀಲಿ ಕೇಳಿರೋದು ಮೂರು: ಕೇರಿಯ ಪ್ರತಿ ಮನೆಯ ವೈರಿಂಗನ್ನ ಲೈಸೆನ್ಸ್ ಇರೋರಿಂದ ಪರೀಕ್ಷೆ ಮಾಡಿಸಿ ಲಿಖಿತ ವರದಿ ಕೊಡೋದು, ಅರ್ಥಿಂಗ್ ಮತ್ತು ಆರ್‌ಸಿಸಿಬಿ ಹಾಕಿಸೋದು, ತಗಡಿಗೆ ತಾಗೋ ಸರ್ವಿಸ್ ವೈರು ಎತ್ತರಿಸೋದು. ಸ್ವೀಕೃತಿ ತಗೊಂಡಿದ್ದೀವಿ. ಉತ್ತರ ಇನ್ನೂ ಬಂದಿಲ್ಲ.

ಅಲ್ಲಿವರೆಗೆ, ಮುಟ್ಟಿದರೆ ಜುಮ್ ಅನ್ನೋ ಯಾವುದನ್ನೂ ಬಳಸಬೇಡಿ, ಪ್ಲಗ್ ಕೀಳೋ ಮುಂಚೆ ಮೇನ್ ಆರಿಸಿ. ಯಾರಿಗಾದರೂ ಹಿಡ್ಕೊಂಡರೆ ಕೈಹಾಕಿ ಎಳೀಬೇಡಿ, ಮೊದಲು ಮೇನ್. ಆಗದಿದ್ದರೆ ಒಣ ಮರದ ಕೋಲಲ್ಲಿ ತಳ್ಳಿ, ನೀವು ಒಣ ಹಲಗೆ ಮೇಲೆ ನಿಂತು. ಬರೋ ಭಾನುವಾರ ಬೆಳಿಗ್ಗೆ ಎರಡನೇ ಸಾಲಿನ ಮನೆಗಳಿಗೆ ಹೋಗ್ತೀವಿ, ಅಣ್ಣ ಬರ್ತಾರೆ. ಅರ್ಜಿಯ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ನಿಮ್ಮ ಪಂಚಾಯ್ತಿ ಹೆಸರು ಹಾಕಿದರೆ ಸಾಕು, ಉಳಿದದ್ದು ಟೈಪ್ ಮಾಡಿಟ್ಟಿದ್ದೀನಿ.