ಹನ್ನೆರಡು ವೋಲ್ಟಿನ ಸಾಲು

ಸಾಗರ, 11 ಮೇ 2024, ಶನಿವಾರ

ಮಗಳ ಆರ್ಕಿಟೆಕ್ಚರ್ ಓದಿಗೆ ಈ ವರ್ಷದಿಂದ ತ್ರೀಡಿ ರೆಂಡರಿಂಗ್ ಬೇಕು. ಲ್ಯಾಪ್‌ಟಾಪ್ ತಡೆಯುತ್ತಿಲ್ಲ. ಮನೆಗೊಂದು ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸೋಣ ಎಂದು ನಿಶ್ಚಯವಾಯಿತು. ಅವಳ ಪಟ್ಟಿ ಬಂದಿದೆ: ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ್‍ಯಾಮ್, ಎಸ್‌ಎಸ್‌ಡಿ. ಎಲ್ಲದರ ಮುಂದೆ ಮಾಡೆಲ್ಲು, ಬೆಲೆ. ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಅದರ ಮುಂದೆ ಮಾತ್ರ ಖಾಲಿ. ಕೇಳಿದರೆ, “ಅದು ಕ್ಯಾಬಿನೆಟ್ ಜೊತೆ ಬರತ್ತಲ್ಲಮ್ಮ” ಅಂದಳು.

ನನಗೆ ಸಮಾಧಾನವಾಗಲಿಲ್ಲ. ಪಟ್ಟಿಯಲ್ಲಿರುವ ಒಂದೊಂದು ಸಾಮಾನೂ ಕರೆಂಟು ಪಡೆಯುವುದು ಆ ಡಬ್ಬಿಯಿಂದಲೇ. ಗೋಡೆಯ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿಯಾಗಿ ಇಳಿಸಿ ಹಂಚುವುದು ಅದರ ಕೆಲಸ. ನಮ್ಮೂರಿನಲ್ಲಿ ಮೊದಲ ಗುಡುಗಿಗೇ ಕರೆಂಟು ಹೋಗಿ ಬಂದು ಆಡುತ್ತದೆ. ಆ ಏರಿಳಿತವನ್ನು ಮೊದಲು ಎದುರಿಸುವುದೂ ಅದೇ ಡಬ್ಬಿ. ಅರವತ್ತು ಸಾವಿರ ಮೀರುವ ಸಾಮಾನನ್ನು ಸಾವಿರ ರೂಪಾಯಿಯ ಪೆಟ್ಟಿಗೆಯ ಭರವಸೆಗೆ ಬಿಡಲಾರೆ.

14 ಮೇ, ಮಂಗಳವಾರ

ರಜೆ ಇದ್ದುದರಿಂದ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಮೂಲೆಯಲ್ಲಿ ಸತ್ತ ಎಸ್‌ಎಂಪಿಎಸ್‌ಗಳ ರಾಶಿ. ಎರಡನ್ನು ಎತ್ತಿ ಕೈಗೆ ಕೊಟ್ಟ. “ತೂಕ ನೋಡಿ ಮೇಡಂ.” ಒಂದು ಖಾಲಿ ಡಬ್ಬಿಯ ಹಾಗಿತ್ತು, ಇನ್ನೊಂದು ಕೈ ಜಗ್ಗಿಸಿತು.

ಮುಚ್ಚಳ ತೆಗೆಯುವಾಗ “ನೀವು ಒಳಗೆ ಕೈ ಹಾಕಬೇಡಿ” ಅಂದ. ಸರಿಯಾದ ಮಾತು. 230 ವೋಲ್ಟ್ ಎಸಿಯ ಶಿಖರ ಬೆಲೆ 325 ವೋಲ್ಟ್. ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಹಿಡಿದುಕೊಂಡಿರಬಹುದು. ಮನೆಯಲ್ಲಿ ಯಾರೂ ಇದನ್ನು ಬಿಚ್ಚಕೂಡದು.

ಹಗುರದ್ದರ ಬೋರ್ಡಿನಲ್ಲಿ ಫಿಲ್ಟರ್ ಕಾಯಿಲ್ ಕೂರಬೇಕಾದ ಕಡೆ ಬರೀ ತಂತಿ ಬೆಸೆದಿದ್ದರು. ಏರು ವೋಲ್ಟೇಜನ್ನು ಹೀರಿಕೊಳ್ಳುವ ಎಂಒವಿ ಇರಬೇಕಾದ ತೂತುಗಳು ಹಾಗೇ ಖಾಲಿ ಇದ್ದವು. ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಮೈಮೇಲೆ 85 ಡಿಗ್ರಿ ಎಂದು ಬರೆದಿತ್ತು. ಭಾರದ್ದರಲ್ಲಿ 105 ಡಿಗ್ರಿಯವು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಶಾಖ ಹೆಚ್ಚಿದಂತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ 20 ಡಿಗ್ರಿಯ ಅಂತರವೆಂದರೆ ವರ್ಷಗಳ ಅಂತರ.

ಲೇಬಲ್ ಓದಿಸಿದ. ಹಗುರದ್ದರ ಮೇಲೆ ದೊಡ್ಡಕ್ಷರದಲ್ಲಿ 450 ವ್ಯಾಟ್. ಕೆಳಗೆ 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್. ಗುಣಿಸಿದರೆ 192 ವ್ಯಾಟ್! ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ನಡೆಯುವುದು ಮುಖ್ಯವಾಗಿ 12 ವೋಲ್ಟಿನಿಂದ. ಉಳಿದ ವ್ಯಾಟ್‌ಗಳು ಬೇಡದ ಕಡೆ ಲೆಕ್ಕಕ್ಕೆ ಸೇರಿವೆ. ಮೊದಲು ಓದಬೇಕಾದ ಸಾಲು ಇದು.

16 ಮೇ, ಗುರುವಾರ

ಗ್ರಾಫಿಕ್ಸ್ ಕಾರ್ಡಿಗೆ 170 ವ್ಯಾಟ್. ಪ್ರೊಸೆಸರಿನ ಮೇಲೆ 65 ಎಂದಿದ್ದರೂ ಪೂರ್ತಿ ದುಡಿಯುವಾಗ ಇನ್ನಷ್ಟು ಎಳೆಯುತ್ತದೆ, 80 ಹಿಡಿಯೋಣ. ಮದರ್‌ಬೋರ್ಡ್, ರ್‍ಯಾಮ್, ಫ್ಯಾನು ಎಲ್ಲ ಸೇರಿ 60. ಒಟ್ಟು 310. ಆದರೂ ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟಿನ ಸಪ್ಲೈ ಹೇಳುತ್ತದೆ. ತೋಟದ ಪಂಪ್‌ಸೆಟ್ ಚಾಲೂ ಆಗುವ ಗಳಿಗೆಯಲ್ಲಿ ಕರೆಂಟನ್ನು ಹಲವು ಪಟ್ಟು ಎಳೆಯುವ ಹಾಗೆ ಗ್ರಾಫಿಕ್ಸ್ ಕಾರ್ಡೂ ಮಿಲಿಸೆಕೆಂಡಿನೊಳಗೆ ತನ್ನ ಸರಾಸರಿ ಮೀರಿ ಎಳೆಯುತ್ತದೆ. ಅದನ್ನು ತಾಳದ ಸಪ್ಲೈ ಆದರೆ ರೆಂಡರ್ ಅರ್ಧದಲ್ಲಿ ಮಷಿನ್ ರೀಸ್ಟಾರ್ಟ್. 650 ತೆಗೆದುಕೊಂಡರೆ ನಮ್ಮ ಹೊರೆ ಅರ್ಧದ ಸುತ್ತ ನಿಲ್ಲುತ್ತದೆ. ಅಲ್ಲಿ ದಕ್ಷತೆಯೂ ಹೆಚ್ಚು, ಫ್ಯಾನಿನ ಸದ್ದೂ ಕಡಿಮೆ.

‘80 ಪ್ಲಸ್’ ಮುದ್ರೆಯ ಲೆಕ್ಕವನ್ನೂ ಮಾಡಿದೆ. 2004ರಿಂದ ಇರುವ ಈ ಯೋಜನೆ ಅಳೆಯುವುದು ದಕ್ಷತೆಯನ್ನು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಅಂದರೆ ಶೇ 85, ಗೋಲ್ಡ್ ಅಂದರೆ ಶೇ 90. ಮಷಿನ್ನು 200 ವ್ಯಾಟ್ ಬಳಸಿದರೆ ಗೋಡೆಯಿಂದ ಒಂದು 235, ಇನ್ನೊಂದು 222 ಎಳೆಯುತ್ತದೆ. ದಿನಕ್ಕೆ 8 ತಾಸಿನಂತೆ ವರ್ಷಕ್ಕೆ ಉಳಿಯುವುದು 38 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಯ ಬಿಲ್ಲಿನಲ್ಲಿ ಅದು ಕಾಣದೆಯೂ ಹೋಗಬಹುದು. ಗೋಲ್ಡಿಗೆ ಹೆಚ್ಚು ಕೊಡುವ ಹಣ ಕರೆಂಟು ಬಿಲ್ಲಿನಿಂದ ಬೇಗ ವಾಪಸು ಬರುವುದಿಲ್ಲ ಎಂದು ಮಗಳಿಗೆ ಹೇಳಬೇಕು. ಅಲ್ಲದೆ ಆ ಪರೀಕ್ಷೆ 23 ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿ ನಡೆಯುತ್ತದೆ. ಶಾರ್ಟ್ ಆದರೆ, ವೋಲ್ಟೇಜ್ ಏರಿದರೆ, ಒಳಗೆ ಕಾದರೆ ತಾನೇ ಬಂದ್ ಆಗುತ್ತದೆಯೇ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಆಯಾ ಮಾಡೆಲ್ಲನ್ನು ಬಿಚ್ಚಿ, ಹೊರೆ ಹಾಕಿ ಅಳೆದವರ ವರದಿ ಓದಬೇಕು.

ಬ್ರಾಂಡ್ ಹೆಸರೂ ಪೂರ್ತಿ ಉತ್ತರವಲ್ಲ. ಕೋರ್ಸೇರ್‌ನಂಥ ಹೆಸರುವಾಸಿ ಕಂಪನಿಗೂ ಸಪ್ಲೈ ಮಾಡಿಕೊಡುವವರು ಸಿಡಬ್ಲ್ಯುಟಿಯಂಥ ತಯಾರಕರು. 1975ರಲ್ಲಿ ಶುರುವಾದ ತೈವಾನಿನ ಸೀಸಾನಿಕ್ ತನ್ನದನ್ನು ತಾನೇ ಮಾಡುತ್ತದೆ, ಬೇರೆಯವರಿಗೂ ಮಾಡಿಕೊಟ್ಟಿದೆ. ಒಂದೇ ಬ್ರಾಂಡಿನಲ್ಲಿ ಒಳ್ಳೆಯ ಸರಣಿಯೂ ಸಾಧಾರಣ ಸರಣಿಯೂ ಇರುತ್ತವೆ. ನೋಡಬೇಕಾದ್ದು ಮಾಡೆಲ್.

18 ಮೇ, ಶನಿವಾರ, ಬೆಂಗಳೂರು

ರಾತ್ರಿ ರೈಲಿಗೆ ಬಂದು, ಮಗಳ ಜೊತೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ. ಮೊದಲ ಅಂಗಡಿಯಲ್ಲಿ, “ಕ್ಯಾಬಿನೆಟ್ ಜೊತೆ 500 ವ್ಯಾಟ್ ಬರುತ್ತೆ ಮೇಡಂ, ಸಾಕು” ಅಂದರು. 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ಕೇಳಿದೆ. ಹುಡುಗ ತಿರುಗಿಸಿ ತೋರಿಸಿದ. ಹಿಂಬದಿಯಲ್ಲಿ 115/230ರ ಕೆಂಪು ಸ್ವಿಚ್ ಕಂಡಿತು. ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಈಗಿನ ಸಪ್ಲೈಗಳಿಗೆ ಆ ಸ್ವಿಚ್ ಬೇಕಾಗುವುದಿಲ್ಲ. ಅದು ಹಳೆಯ ವಿನ್ಯಾಸ. ಯಾರಾದರೂ 115ಕ್ಕೆ ತಳ್ಳಿ ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು.

ಮುಂದಿನ ಅಂಗಡಿಯವರು ತಾಳ್ಮೆಯಿಂದ ಡಬ್ಬಗಳನ್ನು ಇಳಿಸಿ ಸಾಲಾಗಿ ಇಟ್ಟರು. ಎಲ್ಲದರ ಆ ಸಾಲನ್ನು ಮಗಳೇ ಓದಿ ಗುಣಿಸಿದಳು. ಕೊನೆಗೆ, ಬಿಲ್ಲಿನ ಉಳಿತಾಯಕ್ಕಲ್ಲ, ಆ ಸಾಲು ನೋಡಿಯೇ ಆರಿಸಿದ್ದು 650 ವ್ಯಾಟಿನ ಗೋಲ್ಡ್, 12 ವೋಲ್ಟಿಗೆ 54 ಆಂಪಿಯರ್, ಅಂದರೆ 648 ವ್ಯಾಟ್. 10 ವರ್ಷದ ವಾರಂಟಿ. ಏಳು ಸಾವಿರ ದಾಟಿತು. ಗಾಜಿನ ಬಾಗಿಲಿನ, ಬಣ್ಣದ ಬೆಳಕಿನ ಕ್ಯಾಬಿನೆಟ್ ಬಿಟ್ಟು ಗಾಳಿಯಾಡುವ ಜಾಲರಿಯ ಸಾದಾ ಕ್ಯಾಬಿನೆಟ್ ತಗೊಂಡು ಹಣ ಸರಿದೂಗಿಸಿದೆವು. ಸಲಹೆ ಅವಳದೇ. ಸಂತೋಷವಾಯಿತು.

26 ಮೇ, ಭಾನುವಾರ, ಸಾಗರ

ಜೋಡಣೆ ಮುಗಿಯಿತು. ಇದು ಮಾಡ್ಯುಲರ್ ಸಪ್ಲೈ, ಬೇಕಾದ ಕೇಬಲ್ ಮಾತ್ರ ಹಾಕಿದರಾಯಿತು. ಹಳೆಯ ಸಪ್ಲೈಯೊಂದರ ಕೇಬಲ್ಲನ್ನು ಮಗಳು ಕೈಗೆತ್ತಿಕೊಂಡಾಗ ತಡೆದೆ. ಸಪ್ಲೈ ಕಡೆಯ ತುದಿಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಒಂದರ ಕೇಬಲ್ ಇನ್ನೊಂದಕ್ಕೆ ಸರಿಯಾಗಿ ಕೂತರೂ 5 ವೋಲ್ಟ್ ಹೋಗುವಲ್ಲಿ 12 ಹೋಗಿ ಡಿಸ್ಕ್ ಸುಟ್ಟೀತು. ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಬಳಸುವುದು, ಉಳಿದವನ್ನು ಹೆಸರು ಬರೆದು ಎತ್ತಿಡುವುದು.

ರೆಂಡರ್ ಓಡುತ್ತಿದ್ದಾಗ ಮಲ್ಟಿಮೀಟರ್ ಹಿಡಿದೆ. 12ರ ಸಾಲು 12.06. ಎಟಿಎಕ್ಸ್ ಮಾನದಂಡದಲ್ಲಿ 11.4ರಿಂದ 12.6ರವರೆಗೆ ಸರಿ. ಅದರ ಮೇಲಿನ ಸಣ್ಣ ಅಲೆ, ರಿಪಲ್, 120 ಮಿಲಿವೋಲ್ಟ್ ದಾಟಬಾರದು. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು.

9 ಜೂನ್, ಭಾನುವಾರ

ಇವತ್ತು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದು ವೋಲ್ಟಿನ ಒಳಗಿದೆ. ಎಷ್ಟು ಒಳ್ಳೆಯ ಎಸ್‌ಎಂಪಿಎಸ್ ತಂದರೂ ಮೂರನೇ ಪಿನ್ನಿಗೆ ನೆಲ ಸಿಗದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತದೆ. ಯುಪಿಎಸ್ ಕೂಡ ಪಕ್ಕದಲ್ಲಿ ಕೂತಿದೆ. ಅದು ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಒಳ್ಳೆಯ ಸಪ್ಲೈ ಪೂರ್ಣ ಹೊರೆಯಲ್ಲೂ ಸುಮಾರು 16 ಮಿಲಿಸೆಕೆಂಡ್ ತನ್ನ ಕೆಪಾಸಿಟರಿನ ಬಲದಿಂದ ನಡೆಸುತ್ತದೆ. ಈ ಆರು ಮಿಲಿಸೆಕೆಂಡಿನ ಅಂತರದಲ್ಲಿ ಮಗಳ ರಾತ್ರಿಯಿಡೀ ಕೆಲಸ ಉಳಿಯುತ್ತದೆ. ಆದರೂ ಸಿಡಿಲಿನ ಹೊತ್ತಿಗೆ ಪ್ಲಗ್ ಕೀಳುವುದೇ ನಮ್ಮ ಮನೆಯ ನಿಯಮ. ನೇರ ಸಿಡಿಲನ್ನು ತಡೆಯುವ ಸಪ್ಲೈ ಯಾವ ಅಂಗಡಿಯಲ್ಲೂ ಇಲ್ಲ.

ಶಾಲೆಯ ಲ್ಯಾಬಿಗೆ ಹೊಸ ಕಂಪ್ಯೂಟರ್ ತರಿಸುವ ಮಾತು ನಡೆದಿದೆ. ಕೊಟೇಶನ್ ನಮೂನೆಯಲ್ಲಿ ಪ್ರೊಸೆಸರಿಗೆ, ರ್‍ಯಾಮಿಗೆ, ಮಾನಿಟರಿಗೆ ಒಂದೊಂದು ಕಾಲಂ ಇದೆ, ಎಸ್‌ಎಂಪಿಎಸ್‌ಗೆ ಇಲ್ಲ. ಸೋಮವಾರ ಹೆಡ್‌ಮಾಸ್ಟರರ ಮುಂದೆ ಇಡಲು ಬರೆದುಕೊಂಡೆ: ಮಾಡೆಲ್ ಹೆಸರು, 12 ವೋಲ್ಟಿನ ಆಂಪಿಯರ್, ಆ್ಯಕ್ಟಿವ್ ಪಿಎಫ್‌ಸಿ, ರಕ್ಷಣೆಗಳ ಪಟ್ಟಿ, ಕನಿಷ್ಠ 5 ವರ್ಷದ ವಾರಂಟಿ. ಈ ಐದು ತುಂಬದ ಕೊಟೇಶನ್ನನ್ನು ಒಪ್ಪಬಾರದು ಎಂದು ಕೇಳಿಕೊಳ್ಳುತ್ತೇನೆ. ಸರ್ಕಾರದ ದುಡ್ಡು, ಊರ ಮಕ್ಕಳ ಮಷಿನ್ನು. ಮನೆಗೆ ನೋಡಿದಷ್ಟೇ ಅಲ್ಲಿಗೂ ನೋಡಬೇಕು.