ನೋಟ್‌ಪ್ಯಾಡಿನಲ್ಲಿ ಬದುಕಿದ ಕಾರ್ಡುಗಳು

ನಮ್ಮ ಮೇಲಿನ ಮನೆಯ ಹುಡುಗಿ ಡಿಪ್ಲೊಮಾ ಓದುತ್ತಾಳೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ನ್ನು ಮೈಕ್ರೋಸಾಫ್ಟ್ ಕೈಬಿಟ್ಟಿತಲ್ಲ, ಅದಾದ ಮೇಲೆ ಒಂದು ಸಂಜೆ ಮೆಟ್ಟಿಲ ಮೇಲೆ ನಿಂತೇ ಕೇಳಿದಳು: "ಅಂಕಲ್, ನಮ್ಮ ಲ್ಯಾಬಿನ ಕಂಪ್ಯೂಟರೆಲ್ಲ ಗುಜರಿಗೆ ಹಾಕ್ತಿದಾರೆ. ಎಲ್ಲಾ ಆನ್ ಆಗ್ತವೆ, ಕೆಲಸಾನೂ ಮಾಡ್ತವೆ. ಹಾಗಿದ್ರೆ ಕೆಟ್ಟಿರೋದು ಏನು?"

ಈ ಪ್ರಶ್ನೆಯನ್ನು ಪ್ರತಿದಿನ ಕೇಳಿಕೊಳ್ಳುತ್ತಿದ್ದ ಒಂದು ಬೀದಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೆಂಗಳೂರಿನ ಎಸ್.ಪಿ. ರೋಡು. ನನ್ನದು ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಡಿಟಿಪಿ ಅಂಗಡಿ: ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ. ಮಾನಿಟರಿನಲ್ಲಿ ಏನಾದರೂ ಎಡವಟ್ಟಾದರೆ ಪೆಟ್ಟಿಗೆ ಹೊತ್ತುಕೊಂಡು ಆ ಬೀದಿಗೆ ಓಡುವುದು, ಮೇಷ್ಟ್ರ ಮುಂದೆ ಇಳಿಸುವುದು. ಅವರು ಎಲ್ಲೂ ಪಾಠ ಹೇಳಿದವರಲ್ಲ. ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದರು, ಆಮೇಲೆ ಕಂಪ್ಯೂಟರು. ಆದರೂ ಬೀದಿಗೆ ಬೀದಿಯೇ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ಇಸವಿಗಳಲ್ಲಿ ಹೆಚ್ಚುಕಡಿಮೆ ಆದೀತು, ತಾಳೆ ನೋಡಲು ಬಿಲ್ಲುಗಳಿಲ್ಲ; ಮೇಷ್ಟ್ರ ಅಂಗಡಿಯ ಲೆಕ್ಕವೆಲ್ಲ ರಟ್ಟಿನ ಡಬ್ಬಿಯ ಬೆನ್ನ ಮೇಲೆ ಇರುತ್ತಿತ್ತು. ಕಣ್ಣು ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಅವರದು ನೆಲಮಾಳಿಗೆಯ ಅಂಗಡಿ. ಇಳಿಯುತ್ತಿದ್ದಂತೆ ಒಂದು ವಾಸನೆ ಎದುರಾಗುತ್ತಿತ್ತು: ಬೆಸುಗೆಯ ರಾಳ ಸುಟ್ಟ ಹೊಗೆ, ಅದರ ಕೆಳಗೆ ಕಾರ್ಡು ಒರೆಸುವ ಸ್ಪಿರಿಟ್ಟು, ಅದರ ಕೆಳಗೆ ಫ್ಯಾನಿನಲ್ಲಿ ವರ್ಷಗಟ್ಟಲೆ ಕೂತು ಈಗ ಬಿಸಿಯಾಗುತ್ತಿರುವ ಧೂಳು. ಶುಕ್ರವಾರ ಸಂಜೆ ಇದಕ್ಕೆಲ್ಲ ಸಾಂಬ್ರಾಣಿ ಸೇರುತ್ತಿತ್ತು. ಇವತ್ತಿಗೂ ಎಲ್ಲಾದರೂ ರಾಳದ ಹೊಗೆ ಮೂಗಿಗೆ ಬಡಿದರೆ ಯಾವುದೋ ಕಂಪ್ಯೂಟರು ಬದುಕಿತು ಅನ್ನಿಸಿ ಖುಷಿಯಾಗುತ್ತದೆ.

ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಗಿ ಸಾಯುವುದು ಅಪರೂಪ. ಹೊಸ ವಿಂಡೋಸ್ ಬರುತ್ತದೆ, ಕಂಪನಿ ಅದಕ್ಕೆ ಡ್ರೈವರ್, ಅಂದರೆ ಕಾರ್ಡನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶ, ಬರೆಯುವುದಿಲ್ಲ, ಅಲ್ಲಿಗೆ ಕಾರ್ಡಿನ ಕಥೆ ಮುಗಿಯಿತು ಅನ್ನುತ್ತಾರೆ. ಡ್ರೈವರಿನ ಜೊತೆ ಐಎನ್‌ಎಫ್ ಅಂತ ಒಂದು ಕಡತ ಇರುತ್ತದೆ. ಬರೀ ಅಕ್ಷರ, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಯಾವ ಯಾವ ಕಾರ್ಡಿಗೆ ಈ ಡ್ರೈವರ್ ಸಲ್ಲುತ್ತದೆ ಎಂಬ ಪಟ್ಟಿ ಅದು. ಪ್ರತಿ ತಯಾರಕನಿಗೂ ಒಂದು ಸಂಖ್ಯೆ: ಎಟಿಐಗೆ 1002, ಎನ್‌ವಿಡಿಯಾಕ್ಕೆ 10ಡಿಇ, 3ಡಿಎಫ್‌ಎಕ್ಸ್‌ಗೆ 121ಎ. ಕಂಪನಿ ಆ ಪಟ್ಟಿಯಿಂದ ಒಂದು ಸಾಲು ಅಳಿಸಿದರೆ ಸಾಕು, ಒಳಗಿನ ಕೋಡು ಇನ್ನೂ ಕಾರ್ಡನ್ನು ಓಡಿಸಬಲ್ಲದಾದರೂ ವಿಂಡೋಸ್ ಒಲ್ಲೆ ಅನ್ನುತ್ತದೆ. ಮೇಷ್ಟ್ರು ಆ ಸಾಲನ್ನು ಮತ್ತೆ ಬರೆಯುತ್ತಿದ್ದರು. ಸೇವ್, 'ಹ್ಯಾವ್ ಡಿಸ್ಕ್', ಆಮೇಲೆ ಈ ಡ್ರೈವರ್ ಪರೀಕ್ಷೆಯಲ್ಲಿ ಪಾಸಾಗಿಲ್ಲ ಎಂದು ವಿಂಡೋಸ್ ಎಕ್ಸ್‌ಪಿ ಒಡ್ಡುವ ಎಚ್ಚರಿಕೆ. ಅದರ ಕೆಳಗೆ 'ಕಂಟಿನ್ಯೂ ಎನಿವೇ' ಎಂಬ ಗುಂಡಿ. ಅದನ್ನು ಒತ್ತುವ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದರು.

ಸಾಲು ಸೇರಿಸಿದ ಮಾತ್ರಕ್ಕೆ ಎಲ್ಲ ಮುಗಿಯುತ್ತಿರಲಿಲ್ಲ. ಕೋಡನ್ನೇ ತಿದ್ದುವವರು ಬೇಕಿತ್ತು, ಅವರು ಜಗತ್ತಿನ ಎಲ್ಲೆಲ್ಲೋ ಇದ್ದರು. 3ಡಿಎಫ್‌ಎಕ್ಸ್ ಕಂಪನಿ 2000ದ ಡಿಸೆಂಬರಿನಲ್ಲಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರುವುದಾಗಿ ಹೇಳಿ ಬಾಗಿಲು ಹಾಕಿತು. ಮರುವರ್ಷ ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂದಾಗ ಆ ಕಂಪನಿಯ ವೂಡೂ ಕಾರ್ಡುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಅಮಿಗಾಮರ್ಲಿನ್, ಎಸ್‌ಎಫ್‌ಎಫ್‌ಟಿ ಎಂಬ ಹೆಸರಿನ ಡ್ರೈವರುಗಳನ್ನು ಹೊರಗಿನ ಅಭಿಮಾನಿಗಳೇ ಕಟ್ಟಿದರು. ಸಂಬಳವಿಲ್ಲ, ಸನ್ಮಾನವಿಲ್ಲ. ಫೋನಿನ ತಂತಿಯಲ್ಲಿ ರಾತ್ರಿಯಿಡೀ ಇಳಿಸಿಕೊಂಡ ಆ ಕಡತಗಳು ಸಿ.ಡಿ. ಆಗಿ ಕೈಯಿಂದ ಕೈಗೆ ದಾಟಿ ಮೇಷ್ಟ್ರ ಚೀಲ ಸೇರುತ್ತಿದ್ದವು. ಸಿ.ಡಿ.ಯ ಮೇಲೆ ಮಾರ್ಕರಿನಲ್ಲಿ ಅವರ ದುಂಡಕ್ಷರ: "ವೂಡೂ 3. ವಿಯಾ ಬೋರ್ಡಾದರೆ ಮೊದಲು ಫೋರ್-ಇನ್-ವನ್ ಹಾಕು." ಇಷ್ಟು ಚೊಕ್ಕಟವಾದ ಕನ್ನಡ ತಾಂತ್ರಿಕ ಬರಹವನ್ನು ನಾನು ಪುಸ್ತಕಗಳಲ್ಲೂ ಹೆಚ್ಚು ನೋಡಿಲ್ಲ.

ಒಂದು ವ್ಯಾಪಾರ ಮರೆಯುವಂಥದ್ದಲ್ಲ. ಅಂಗಡಿಯೊಂದು ಮಾರಾಟವಾಗದೆ ಉಳಿದ ವೂಡೂ 3 ಕಾರ್ಡುಗಳನ್ನು ಸಾಗಹಾಕಿತ್ತು, ಮೇಷ್ಟ್ರು ತಂದು ಪೇರಿಸಿದ್ದರು. ಹನುಮಂತನಗರದಲ್ಲಿ ಗೇಮಿಂಗ್ ಸೆಂಟರ್ ಇಟ್ಟವರೊಬ್ಬರು ಬಂದರು.

"ಎಷ್ಟು?"

"ಆರುನೂರು."

"ಕಂಪನಿಯೇ ಮುಳುಗಿದೆ ಮೇಷ್ಟ್ರೇ. ಮುನ್ನೂರಕ್ಕೆ ಕೊಡಿ. ಗ್ಯಾರಂಟಿ ಎಷ್ಟು ದಿನ?"

"ಕಾರ್ಡಿಗೆ ಗ್ಯಾರಂಟಿ ಇಲ್ಲ. ಡ್ರೈವರಿಗೆ ನಾನು ಗ್ಯಾರಂಟಿ. ಯಾವ ವಿಂಡೋಸ್ ಬರ್ಲಿ, ಹೊತ್ಕೊಂಡು ಬನ್ನಿ."

ನಾನೂರೈವತ್ತಕ್ಕೆ ಕುದುರಿತು, ಎರಡು ಬೈ-ಟು ಕಾಫಿಯೂ ಬಂತು. ಆಮೇಲೆ ಆ ಮನುಷ್ಯ ಕಾರ್ಡು ತಂದಾಗಲೆಲ್ಲ ಮೇಷ್ಟ್ರು ಕಾಸು ಮುಟ್ಟದೆ ಮಾಡಿಕೊಟ್ಟದ್ದನ್ನು ನಾನು ನೋಡಿದ್ದೇನೆ. ತಾನು ಮಾಡದ ಚಿಪ್ಪಿಗೆ, ತಾನು ಬರೆಯದ ಕೋಡಿಗೆ ತಾನು ಜವಾಬ್ದಾರ ಎಂದು ನಿಂತ ಮನುಷ್ಯ.

ನನ್ನ ಅಂಗಡಿಯನ್ನೂ ಅವರೇ ಉಳಿಸಿದ್ದು. ನನ್ನ ಯಂತ್ರಗಳಲ್ಲಿ ಇದ್ದದ್ದು ರೇಡಿಯಾನ್ 9250 ಕಾರ್ಡು. ಅದಕ್ಕೆ 2006ರ ಕೆಟಲಿಸ್ಟ್ 6.11 ಕೊನೆಯ ಡ್ರೈವರ್. ವಿಸ್ತಾಕ್ಕೂ ಇಲ್ಲ, 7ಕ್ಕೂ ಇಲ್ಲ. ವಿಂಡೋಸ್ 7 ಹಾಕಿದ ದಿನ ಪುಟ ಸರಿಸಿದರೆ ತೆರೆ ಮೇಲಿಂದ ಕೆಳಕ್ಕೆ ತೆವಳತೊಡಗಿತು. ಅಕ್ಷರದ ಅಂಚು ಮಸುಕು. ಒತ್ತಕ್ಷರ ಕಾಣದೆ ಲಗ್ನಪತ್ರಿಕೆಯಲ್ಲಿ ವರನ ಹೆಸರು ತಿದ್ದುವುದು ಹೇಗೆ? ವಿಂಡೋಸ್ 7 ಹಳೆಯ ಎಕ್ಸ್‌ಪಿ ಮಾದರಿಯ ಡ್ರೈವರನ್ನೂ ಒಳಗೊಳಗೇ ಒಪ್ಪುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. 6.11ನ್ನೇ ಬಲವಂತವಾಗಿ ಹೊಂದಿಸಿದರು. ವಿಂಡೋಸ್ 7ರ ಏರೋ ಕಿಟಕಿಗಳ ಗಾಜಿನ ಚೆಲುವು ಬರಲಿಲ್ಲ, ಒತ್ತಕ್ಷರ ಬಂದವು. ವಿಂಡೋಸ್ 8ರಲ್ಲಿ ಆ ಬಾಗಿಲನ್ನೂ ಮುಚ್ಚಿದರು.

ಎಲ್ಲ ಚಿನ್ನವಾಗಿತ್ತು ಎಂದರೆ ಸುಳ್ಳಾದೀತು. ಯಾರು ಬರೆದರೆಂದು ತಿಳಿಯದ ಕೋಡನ್ನು ವಿಂಡೋಸಿನ ಗರ್ಭಗುಡಿಗೆ ಬಿಡುವ ಕೆಲಸ ಅದು; ನೀಲಿ ತೆರೆ ಬಂದು ರಾತ್ರಿ ಕಟ್ಟಿದ ಪುಟ ಕಳೆದುಕೊಂಡವರಿದ್ದಾರೆ, ಡ್ರೈವರಿನ ಹೆಸರಲ್ಲಿ ವೈರಸ್ ತಂದುಕೊಂಡವರಿದ್ದಾರೆ. 2003ರ ಸುಮಾರಿಗೆ ಓಮೆಗಾ ಡ್ರೈವರ್ ಬಂತು. ರೇಡಿಯಾನ್ 9500ರಲ್ಲಿ ಕಂಪನಿ ಮುಚ್ಚಿಟ್ಟಿದ್ದ ನಾಲ್ಕು ಪೈಪ್‌ಲೈನುಗಳನ್ನು ಅದು ತೆರೆದು, ಕೆಲವು ಕಾರ್ಡುಗಳನ್ನು 9700ರ ಹತ್ತಿರಕ್ಕೆ ಒಯ್ಯುತ್ತಿತ್ತು. ಮುಚ್ಚಿದ್ದು ನಿಜಕ್ಕೂ ದೋಷವಿದ್ದ ಭಾಗವಾಗಿದ್ದರೆ ತೆರೆಯ ತುಂಬ ಚದುರಂಗದ ಚೌಕಗಳು. ಅಂಥ ಕಾರ್ಡನ್ನೇ 9700 ಎಂದು ಮಾರಿದವರೂ ಇದ್ದರು. ಇದೇ ವಿದ್ಯೆ ಮುಂದೆ ಕೆಟ್ಟ ಕೈಗೆ ಬಿದ್ದು, ಹಳೆ ಕಾರ್ಡುಗಳ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂಬ ಚೀಟಿ ಅಂಟಿಸುವ ದಂಧೆಯಾಯಿತು. 2018ರಲ್ಲಿ ಜಿಪಿಯು-ಝಡ್ ತಂತ್ರಾಂಶಕ್ಕೆ ನಕಲಿ ಹಿಡಿಯುವ ಉಪಾಯವನ್ನೇ ಸೇರಿಸಬೇಕಾಯಿತು. ಮೇಷ್ಟ್ರು ಆ ದಾರಿ ಹಿಡಿಯಲಿಲ್ಲ. ತಿದ್ದಿದ ಕಾರ್ಡಿನ ಬೆನ್ನಿಗೆ ತಿದ್ದಿದ್ದು ಎಂದು ಬರೆದೇ ಕೊಡುತ್ತಿದ್ದರು, ಬ್ಯಾಂಕು-ಆಸ್ಪತ್ರೆಯ ಯಂತ್ರಕ್ಕೆ ಇಂಥ ಡ್ರೈವರ್ ಮುಟ್ಟಿಸುತ್ತಲೂ ಇರಲಿಲ್ಲ.

ಒಳ್ಳೆಯ ದಾರಿ ಇನ್ನೊಂದಿತ್ತು. 2007ರಲ್ಲಿ ಎಎಮ್‌ಡಿ ತನ್ನ ರೇಡಿಯಾನ್ ಚಿಪ್ಪುಗಳ ವಿವರಗಳನ್ನು ಹೊರಗೆ ಕೊಡತೊಡಗಿತು. 2002ರ 9700ರ ಕುಟುಂಬಕ್ಕೆ ಲಿನಕ್ಸಿನ ಮೆಸಾ ಯೋಜನೆಯಲ್ಲಿ ಇವತ್ತಿಗೂ ಡ್ರೈವರ್ ಇದೆ. ಬಾಗಿಲು ಹಾಕುವ ಪ್ರತಿ ಕಂಪನಿಯೂ ಕೀಲಿಕೈಯನ್ನು ಹೀಗೆ ಹೊಸಿಲ ಮೇಲಿಟ್ಟು ಹೋಗಬೇಕೆಂದು ನಾನು ಅಂದಿನಿಂದ ಹೇಳುತ್ತಿದ್ದೇನೆ. ಲಿನಕ್ಸಿನ ಸುದ್ದಿ ಎತ್ತಿದಾಗ ಮೇಷ್ಟ್ರು ಕೇಳಿದ್ದು ಒಂದೇ: "ಅದ್ರಲ್ಲಿ ನಿಮ್ ಪೇಜ್‌ಮೇಕರ್, ನುಡಿ ಓಡ್ತವಾ?" ನನ್ನಲ್ಲಿ ಉತ್ತರ ಇರಲಿಲ್ಲ. ಕನ್ನಡ ಅಚ್ಚಿನ ಕೆಲಸವೆಲ್ಲ ವಿಂಡೋಸಿನ ಗೂಟಕ್ಕೆ ಕಟ್ಟಿತ್ತು.

ಈಗ ಆ ಬೀದಿಯಲ್ಲಿ ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್ಟುಗಳು. ಕೂತವರಿಗೆ ಬೆಲೆ ಗೊತ್ತು, ಕಾರ್ಡಿನ ಹೊಟ್ಟೆಯೊಳಗೆ ಏನಿದೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಬಿಡುವವರೂ ಇಲ್ಲ. 2015ರ ಜೂನಿನಲ್ಲಿ ಮಾರುಕಟ್ಟೆಗೆ ಬಂದ ಆರ್9 380 ಕಾರ್ಡನ್ನು 2021ರ ಜೂನಿನಲ್ಲಿ ಎಎಮ್‌ಡಿ ಹಳೆಯದರ ಪಟ್ಟಿಗೆ ತಳ್ಳಿತು. ಕ್ರಿಪ್ಟೊ ನಾಣ್ಯದ ಗಣಿಗಾರಿಕೆಯವರ ದೆಸೆಯಿಂದ ಜಗತ್ತಿಗೇ ಕಾರ್ಡು ಸಿಗದೆ ಪರದಾಡುತ್ತಿದ್ದ ವರ್ಷ ಅದು. ಆರೇ ವರ್ಷ! ನನ್ನ ಅಂಗಡಿಯ ಕತ್ತರಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ಆಗಲೂ ಎಲ್ಲೆಲ್ಲಿಯದೋ ಹುಡುಗರು ಹೊಸ ಡ್ರೈವರುಗಳನ್ನು ಬಿಚ್ಚಿ, ಹಳೆಯ ಸಾಲುಗಳನ್ನು ಸೇರಿಸಿ, ಹಂಚಿದರು. ಅವರ ಮೇಲೆ ನನಗಿರುವ ಗೌರವ ಯಾವ ಕಂಪನಿಯ ಮೇಲೂ ಇಲ್ಲ.

ಅಂಥದೇ ಆರ್9 380 ಹಿಡಿದು ಕಾಲೇಜಿನ ಹುಡುಗನೊಬ್ಬ ಬಂದಾಗ ನಾನು ಅಲ್ಲೇ ಇದ್ದೆ. ಮೇಷ್ಟ್ರಿಗೆ ಆಗಲೇ ಕಣ್ಣಿನ ಪೊರೆ. ಕಾರ್ಡನ್ನು ಬೆಳಕಿಗೆ ಹಿಡಿದು, ಕೆಪ್ಯಾಸಿಟರುಗಳ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಗಟ್ಟಿಯಾಗಿದೆ" ಅಂದರು. ಆಮೇಲೆ, "ಯಾವ ಆಟ ಆಡ್ತೀಯಪ್ಪ?" ಹುಡುಗ ಹೇಳಿದ. ಮೇಷ್ಟ್ರು ಕಾರ್ಡನ್ನು ಮೇಜಿನ ಮೇಲಿಟ್ಟರು. ಡ್ರೈವರಿನ ಕಡತಕ್ಕೆ ಕೈ ಹಾಕಿದರೆ ಅದರ ಸಹಿ ಕೆಡುತ್ತದೆ. ಸಹಿಯ ತಪಾಸಣೆ ಸಡಿಲಿಸಿದ ಯಂತ್ರವನ್ನು ಈಗಿನ ಕೆಲವು ಆನ್‌ಲೈನ್ ಆಟಗಳ ಕಾವಲು ತಂತ್ರಾಂಶ ಒಳಕ್ಕೇ ಬಿಡುವುದಿಲ್ಲ.

"ಕಾರ್ಡು ನಾನು ಓಡಿಸ್ಕೊಡ್ತೀನಿ. ಆಟದೋರು ಬಿಡಲ್ಲ," ಅಂದರು. ಹುಡುಗ ಮೇಲೆ ಹತ್ತಿಹೋಗಿ ಪಕ್ಕದ ಅಂಗಡಿಯಲ್ಲಿ ಇಎಮ್‌ಐ ಮೇಲೆ ಹೊಸ ಕಾರ್ಡು ತೆಗೆದುಕೊಂಡ. ಹಳೆಯದನ್ನು ಮೇಷ್ಟ್ರಿಗೇ ಬಿಟ್ಟು ಹೋದ. ಅವರು ಅದನ್ನು ಒರೆಸಿ, ಬೆನ್ನಿಗೆ ಚೀಟಿ ಅಂಟಿಸಿ, ಡಿಟಿಪಿಯವರು ಯಾರಾದರೂ ಬಂದರೆ ಕೊಡಲು ಎತ್ತಿಟ್ಟರು.